ಅಜ್ಜಿಯ ಕಾದಂಬರಿಗೆ ಕಿವಿಗೊಟ್ಟವರು

ನನ್ನಂಥ ಕಡಿಮೆ ಮಾತಾಡುವವರ ಎದುರಿಗೆ ಜನ ಧಾರಾಳವಾಗಿ ನಗೆಪಾಟಲಾಗುತ್ತಾರೆ. ಇವಳು ಯಾರಿಗೂ ಹೇಳುವುದಿಲ್ಲ ಅನ್ನುವ ಧೈರ್ಯ ಇರಬೇಕು. ಜಯನಗರದ ನಮ್ಮ ಬೀದಿಯಲ್ಲಿ ಇಂಥದ್ದು ನನ್ನ ಕಣ್ಣೆದುರಿಗೆ ಆಗಾಗ ನಡೆಯುತ್ತಲೇ ಇರುತ್ತದೆ. ಈ ಬೇಸಿಗೆಯಲ್ಲಿ ನಡೆದದ್ದೆಲ್ಲ ಒಂದೇ ಪುಸ್ತಕದ ಸುತ್ತ.

ಪುಸ್ತಕ ಕೆಳಗಿನ ಮನೆಯ ಅಜ್ಜಿಯದು. ಅಜ್ಜಿ-ತಾತ ಓನರ್, ನಾವು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ಅಜ್ಜಿ ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ತಂದ ಕಾದಂಬರಿ ಅದು. ಪ್ರತಿವರ್ಷ ಗೇಟಿನ ಪಕ್ಕದ ಹೊಂಗೆ ಮರ ಚಿಗುರಿತೆಂದರೆ ಅಜ್ಜಿ ಹಳೇ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೊಂದು ಹೊಸ ಬೈಂಡು ಹಾಕಿ, ಮೊದಲ ಪುಟದಿಂದ ಶುರು ಮಾಡುತ್ತಾರೆ. "ಅದನ್ನೇ ಎಷ್ಟು ಸಲ ಓದ್ತೀಯೇ? ಪರೀಕ್ಷೆಗೆ ಕೂತ್ಕೋತೀಯಾ?" ಅಂತ ತಾತ ಕೇಳುತ್ತಾರೆ. ಅದೂ ಪ್ರತಿವರ್ಷ.

ಈ ಸಲ ಹೊಂಗೆ ಚಿಗುರಿತು, ಬೈಂಡೂ ಬಿತ್ತು, ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆದರು. ಕೆಲವು ವಾರ ಓದುವ ಹಾಗಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಕಿಟಕಿ ಪಕ್ಕದ ಉಯ್ಯಾಲೆಯ ಮೇಲೆ ಕೂತಿದ್ದ ಅಜ್ಜಿ ನಮ್ಮಮ್ಮನಿಗೆ, "ನಿಮ್ಮ ಹುಡುಗಿ ಮಧ್ಯಾಹ್ನ ಮನೇಲೇ ಇರ್ತಾಳಲ್ಲ, ಸ್ವಲ್ಪ ಓದಿ ಹೇಳ್ಲಿ" ಅಂದರು. ಅಮ್ಮ ನನ್ನನ್ನು ಕೇಳದೆಯೇ "ಓ, ಅದಕ್ಕೇನಂತೆ" ಅಂದುಬಿಟ್ಟಳು.

ಒಂಬತ್ತರ ಕಾಟ

ನನ್ನ ಸ್ಕೂಲಿನಲ್ಲಿ ಕನ್ನಡ ಮೂರನೇ ಭಾಷೆ. ಪಾಸಾಗುವಷ್ಟು ಕಲಿತು ಬಿಟ್ಟಿದ್ದೆ. ಅಂಗಡಿ ಬೋರ್ಡು ಓದುತ್ತಿದ್ದೆ. ಆದರೆ ಹಳೇ ಅಚ್ಚಿನ ಅರ್ಕಾವತ್ತು ಥೇಟ್ ಕನ್ನಡದ ಒಂಬತ್ತಿನ ಹಾಗೆ ಅಕ್ಷರದ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಾಲೇ "ಸೂಯ೯ ಮುಳುಗುತ್ತಿದ್ದ" ಅಂತ ಇತ್ತು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಸೂಯ ಒಂಬತ್ತು ಮುಳುಗುತ್ತಿದ್ದ."

ಉಯ್ಯಾಲೆ ನಿಂತಿತು. "ಯಾರು ಮುಳುಗ್ತಿದ್ದ?"

"ಸೂಯ ಅಂತ ಯಾರೋ, ಅಜ್ಜಿ."

"ಎಲ್ಲಿ?"

"ಬೆಟ್ಟದ ಹಿಂದೆ."

ಅಜ್ಜಿ ನಕ್ಕ ರಭಸಕ್ಕೆ ಉಯ್ಯಾಲೆ ತಾನೇ ತೂಗಿತು. "ಸೂರ್ಯ ಕಣೇ ಅದು! ಆ ಒಂಬತ್ತು ಕಂಡ್ರೆ, ಅದರ ಹಿಂದಿನ ಅಕ್ಷರಕ್ಕೆ ಮುಂಚೆ ಒಂದು 'ರ್' ಹಾಕ್ಕೊಂಡು ಓದು, ಅಷ್ಟೇ."

ಇಷ್ಟು ಸುಲಭವಾ ಅಂತ ಖುಷಿಯಾಯಿತು. ಒಂದು ಪುಟ ಹೂವು ಎತ್ತಿದ ಹಾಗೆ ಓದಿದೆ. ಆಮೇಲೆ ಬಂತು: "ಅವಳಿಗಾಗ ೧೯ ವರ್ಷ. ಮದುವೆ ಗೊತ್ತಾಯಿತು." ಅಜ್ಜಿ ಹೇಳಿಕೊಟ್ಟದ್ದನ್ನು ಮರೆಯದೆ ಓದಿದೆ: "ಅವಳಿಗಾಗ ರ್ ಒಂದು ವರ್ಷ. ಮದುವೆ ಗೊತ್ತಾಯಿತು."

"ಅಯ್ಯೋ ತಾಯಿ," ಅಂದರು ಅಜ್ಜಿ, "ಅವಳಿಗೆ ಮೊದಲು ಹಲ್ಲಾದ್ರೂ ಬರ್ಲಿ ಬಿಡೇ!"

ಕೊಡೆ

ಕಥೆ ಇಷ್ಟೇ. ಆ ಹುಡುಗಿಗೆ ಮದುವೆಯಾಗುತ್ತೆ. ಗಂಡ ಕೆಟ್ಟವನಲ್ಲ, ಆದರೆ ಹೆಂಡತಿ ಅಂತ ಒಬ್ಬಳು ಎದುರಿಗಿದ್ದಾಳೆ ಅನ್ನುವುದು ಅವನ ಗಮನಕ್ಕೇ ಬರುವುದಿಲ್ಲ. ಒಂದು ದಿನ ಅವಳು ಮುನಿಸಿಕೊಂಡು ಸೋದರತ್ತೆಯ ಮನೆಗೆ ಹೊರಟುಬಿಡುತ್ತಾಳೆ.

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಬೀದಿ ನೀರಿನಡಿಯಲ್ಲಿದ್ದ ಹಾಗಿರುತ್ತದೆ. ಹೊಂಗೆ ಎಲೆಗಳ ನಡುವಿಂದ ಇಳಿದ ಬಿಸಿಲು ಪುಟದ ಮೇಲೆ ಮೀನಿನ ಮರಿಗಳ ಹಾಗೆ ಓಡಾಡುತ್ತಿರುತ್ತದೆ. ಎರಡು ಬೀದಿ ಆಚೆ ತರಕಾರಿ ಗಾಡಿಯ ಮೈಕು ಟೊಮೇಟೊ, ಟೊಮೇಟೊ ಅಂತ ತೂಕಡಿಸುತ್ತಾ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅಜ್ಜಿ ಸಣ್ಣಗೆ ಗೊರಕೆ ಹೊಡೆಯಲು ಶುರು ಮಾಡಿದರು. ನನಗೂ ಕಣ್ಣು ಎಳೆಯುತ್ತಿತ್ತು. ಎದುರಿಗೆ ಒಂದು ಉದ್ದನೆಯ ಪ್ಯಾರಾ, ತುಂಬ ಒತ್ತಕ್ಷರ. ಮಲಗಿದ್ದಾರಲ್ಲ ಅಂತ ಅದನ್ನು ಹಾರಿಸಿ, "ಅವಳು ಹೊಸಿಲು ದಾಟಿ ಮಳೆಯಲ್ಲಿ ನಡೆದಳು" ಅನ್ನುವಲ್ಲಿಗೆ ಬಂದೆ.

ಗೊರಕೆ ನಿಂತಿತು. ಕಪ್ಪು ಕನ್ನಡಕ ಅಲ್ಲಾಡಲಿಲ್ಲ.

"ಅವಳಿನ್ನೂ ಕೊಡೆ ತಗೊಂಡಿಲ್ಲ," ಅಂದಿತು ಅಜ್ಜಿಯ ದನಿ ನಿದ್ದೆಯೊಳಗಿನಿಂದ. "ನೆನೆದು ಶೀತ ಆದ್ರೆ ನೀನು ನೋಡ್ಕೋತೀಯಾ?"

ನಾನು ಅವಳನ್ನು ವಾಪಸ್ ಒಳಗೆ ಕರೆದುಕೊಂಡು ಹೋಗಿ, ಕೊಡೆ ಕೊಡಿಸಿ ಕಳಿಸಿದೆ. ಗೊರಕೆ ಮುಂದುವರಿಯಿತು.

ಒರೆಸಿದ ಜಾಗ

ಪಕ್ಕದ ಸಿದ್ದಾಪುರದಿಂದ ಮನೆಗೆಲಸಕ್ಕೆ ಬರುವ ಅಕ್ಕ ಮೊದಲೆಲ್ಲ ನಡುಮನೆಯನ್ನು ಐದು ನಿಮಿಷದಲ್ಲಿ ಒರೆಸಿ ಹೋಗುತ್ತಿದ್ದಳು. ಈಗ ಉಯ್ಯಾಲೆಯ ಪಕ್ಕದ ಜಾಗವನ್ನೇ ಒರೆಸುತ್ತಾ ನಿಲ್ಲತೊಡಗಿದಳು. ಅಷ್ಟು ಜಾಗ ಮಾತ್ರ ಕನ್ನಡಿ. ಅಡುಗೆಮನೆಯ ಕಡೆ ಕಾಲಿಟ್ಟರೆ ಅಂಟುತ್ತಿತ್ತು.

ಅವಳ ತೀರ್ಪುಗಳೂ ಜೊತೆಜೊತೆಗೇ ಬರುತ್ತಿದ್ದವು. "ಅವನಿಗೆ ಹಾಗೇ ಆಗ್ಬೇಕು, ಬಿಡಮ್ಮ."

ಒಂದು ಮಧ್ಯಾಹ್ನ ಅವಳು ಬರಲಿಲ್ಲ, ಫೋನ್ ಬಂತು. ಕಣ್ಣಿಗೆ ಫೋನು ಕಾಣದ ಅಜ್ಜಿ ನನ್ನ ಕೈಲಿ ಸ್ಪೀಕರ್ ಹಾಕಿಸಿದರು. "ಅಮ್ಮಾ, ಜ್ವರ ಬಂದೈತೆ, ಇವತ್ತು ಆಗಲ್ಲ."

"ಮಲಕ್ಕೋ ಹೋಗು. ಪಾತ್ರೆ ನಾವೇ ತೊಳ್ಕೋತೀವಿ."

"ಪಾತ್ರೆ ನೀವು ಏನಾದ್ರೂ ಮಾಡ್ಕಳಿ," ಅಂದಳು ಅಕ್ಕ. "ಕತೆ ಮಾತ್ರ ಮುಟ್ಟಬ್ಯಾಡಿ. ನಾಳೆ ಬಂದು ನೋಡ್ತೀನಿ."

ಪೇಪರಿನ ಆಚೆ

ತಾತ ಎದುರಿನ ಕುರ್ಚಿಯಲ್ಲಿ ಇಂಗ್ಲಿಷ್ ಪೇಪರ್ ಅಗಲಿಸಿಕೊಂಡು ಕೂರುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಹತ್ತು ಬೆರಳು ಮಾತ್ರ. ಹುಡುಗಿ ಸೋದರತ್ತೆಯ ಮನೆ ಸೇರಿದ ದಿನದಿಂದ ಆ ಪೇಪರಿನ ಪುಟ ತಿರುಗುವುದೇ ನಿಂತುಹೋಗಿದ್ದನ್ನು ನಾನು ನೋಡಿದ್ದೆ, ಹೇಳಿರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದೆವು. ಗಂಡ ಬಂದು ಬಾಗಿಲು ತಟ್ಟಿದ. ಒಳಗೆ ಅವಳು ಚಿಲಕದ ಮೇಲೆ ಕೈಯಿಟ್ಟಳು. ನಾನು ಪುಟ ತಿರುಗಿಸುವಷ್ಟರಲ್ಲಿ ಕಾಫಿಗೆ ಹೊತ್ತಾಯಿತು ಅಂತ ಅಜ್ಜಿ ನಿಲ್ಲಿಸಿದರು. ಮಾರನೇ ದಿನ ಡಾಕ್ಟರು ಕಪ್ಪು ಕನ್ನಡಕ ತೆಗೆಸಿ, "ಇನ್ನು ನೀವೇ ಓದ್ಕೋಬಹುದು" ಅಂದರು.

ಅಜ್ಜಿ ಆ ಅಧ್ಯಾಯವನ್ನು ಮೊದಲಿಂದ ತಾವೇ ಓದಿಕೊಂಡರು. ಮನಸ್ಸಿನಲ್ಲೇ. ನಡುನಡುವೆ ನಗುತ್ತಾ, ಒಮ್ಮೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ. ಎದುರಿನ ಹತ್ತು ಬೆರಳು ಪೇಪರನ್ನು ಹಿಂಡುತ್ತಿದ್ದವು.

ಸಂಜೆ ನಾನು ಮೊಸರು ತರಲು ಹೊರಟರೆ ತಾತ ಗೇಟಿನ ಹತ್ತಿರ ಅಡ್ಡ ಬಂದರು. "ಪುಟ್ಟಾ, ನಿನ್ನ ಕನ್ನಡ ಇನ್ನೂ ಸ್ವಲ್ಪ ವೀಕು. ಆ ಕೊನೇದೂ ನೀನೇ ಜೋರಾಗಿ ಓದ್ಬಿಡು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನೀವೇ ಓದ್ಕೋಬಹುದಲ್ಲ ತಾತ?"

ತಾತ ಹೊಂಗೆ ಮರವನ್ನು ನೋಡಿದರು, ನಿಲ್ಲಿಸಿದ್ದ ಸ್ಕೂಟರನ್ನು ನೋಡಿದರು. "ನಾನು ದಂಡಿನ ಕಡೆ, ಕಂಟೋನ್ಮೆಂಟಲ್ಲಿ ಬೆಳೆದವನು. ಸ್ಕೂಲು ಇಂಗ್ಲಿಷು, ಆಫೀಸು ಇಂಗ್ಲಿಷು. ಕನ್ನಡ ಬೀದೀಲಿ ಆಡ್ತಾ ಬಂತು, ಅಕ್ಷರ ಬರಲೇ ಇಲ್ಲ. ನಿಮ್ಮಜ್ಜಿಗೆ ಗೊತ್ತಿಲ್ಲ. ಹೇಳ್ಬೇಡ." ಆಮೇಲೆ ಇನ್ನೂ ಮೆಲ್ಲಗೆ, "ಅವಳು ಬಾಗಿಲು ತೆಗಿತಾಳಾ?"

ನನಗೂ ಗೊತ್ತಿರಲಿಲ್ಲ. ಅವರ ಮುಖ ನೋಡಿ, ಬಾಗಿಲಾಚೆ ನಿಂತಿರುವವರು ಇವರೇ ಏನೋ ಅನ್ನಿಸಿತು.

ಚಿಲಕ

ಮಾರನೇ ಮಧ್ಯಾಹ್ನ ಇದ್ದಬದ್ದ ಧೈರ್ಯ ಒಟ್ಟುಮಾಡಿಕೊಂಡು ಕೇಳಿದೆ. "ಅಜ್ಜಿ, ಕೊನೇದೂ ನಾನೇ ಓದ್ಲಾ?"

ಅಜ್ಜಿ ಹೊಸ ಕನ್ನಡಕದ ಮೇಲಿಂದ ಮೊದಲು ನನ್ನನ್ನು, ಆಮೇಲೆ ಪೇಪರನ್ನು ನೋಡಿದರು. "ಯಾರು ಕಳಿಸಿದ್ರು ಅಂತ ಗೊತ್ತು ಕಣೇ" ಅಂತ ನನ್ನ ಕಿವಿಯಲ್ಲಿ ಅಂದು, ದನಿ ಎತ್ತಿದರು: "ಬೇಡಪ್ಪ, ನಾನೇ ಓದ್ತೀನಿ. ಕೇಳೋರು ಕೇಳ್ಬಹುದು."

ನಾನು ಪಕ್ಕದಲ್ಲಿ ಕೂತೆ. ಅಕ್ಕ ಒರೆಸುವ ಬಟ್ಟೆ ಹಿಡಿದು ಬಂದಳು. ತಾತ ಪೇಪರು ಇಳಿಸಲಿಲ್ಲ, ಕುರ್ಚಿಯನ್ನು ಮಾತ್ರ ಮುಂದಕ್ಕೆಳೆದುಕೊಂಡರು.

ಪುಟದಲ್ಲಿ ಇದ್ದದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು: "ಅವಳು ಬಾಗಿಲು ತೆರೆದಳು." ಅಷ್ಟೇ. ಕೆಳಗೊಂದು ಹೂವಿನ ಚಿತ್ರ, "ಮುಗಿಯಿತು" ಅನ್ನುವ ಪದ.

ಅಜ್ಜಿ ಓದಿದರು: "ಅವಳು ಬಾಗಿಲು ತೆರೆಯಲಿಲ್ಲ."

ಪೇಪರು ಮಡಿಲಿಗೆ ಬಿತ್ತು.

"ಒಳಗಿನಿಂದಲೇ ಕೇಳಿದಳು: ಸ್ನಾನ ಆದ ಮೇಲೆ ಒದ್ದೆ ಟವೆಲು ಎಲ್ಲಿ ಹಾಕ್ತೀರಿ? ಅವನು ಹೇಳಿದ: ಮಂಚದ ಮೇಲೆ. ಅವಳು ಚಿಲಕದಿಂದ ಕೈ ತೆಗೆದಳು."

"ಮಂಚದ ಮೇಲೆ ಹಾಕಿದ್ರೆ ಏನಂತೆ ಅವಳಿಗೆ?" ಅಂದರು ತಾತ.

"ನನ್ನ ಯಾಕೆ ಕೇಳ್ತೀರಿ? ಬರೆದೋರು ಬರೆದಿದ್ದಾರೆ." ಅಜ್ಜಿ ಪುಟ ತಿರುಗಿಸಿದರು.

ತಾತ ನನ್ನ ಕಡೆ ತಿರುಗಿದರು. "ಪುಟ್ಟಾ, ನಿಜವಾಗ್ಲೂ ಹಾಗೇ ಇದೆಯಾ?"

ನಾನು ನೋಡಿದೆ. ಆ ಪುಟದಲ್ಲಿ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಇತ್ತು. ಅಜ್ಜಿಯ ಮೊಣಕೈ ನನ್ನ ಪಕ್ಕೆಗೆ ಮೆಲ್ಲಗೆ ತಾಗಿತು.

"ಹಾಗೇ ಇದೆ ತಾತ," ಅಂದೆ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಅದು ಹೊಂಗೆ ಹೂ ಉದುರುವ ಹೊತ್ತು. ಈಗ ಮಳೆ ಶುರುವಾಗಿದೆ, ಅಜ್ಜಿ ಇನ್ನೂ ದಿನಾ ಓದುತ್ತಲೇ ಇದ್ದಾರೆ. ಟವೆಲು ತಂತಿಯ ಮೇಲೆ ಒಣಗುತ್ತದೆ. ಕಾಫಿ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಬೇಕು ಅನ್ನುವ ಅಧ್ಯಾಯವೂ ಆಯಿತು. ನಿನ್ನೆ ಕೆಳಗಿಳಿದು ಹೋದರೆ ತಾತ ಉಯ್ಯಾಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು, ಮೊರದ ತುಂಬ ಹುರುಳಿಕಾಯಿ ಇಟ್ಟುಕೊಂಡು ಒಂದೊಂದಾಗಿ ನಾರು ತೆಗೆಯುತ್ತಿದ್ದರು.

"ಏನು ತಾತ, ನೀವು ತರಕಾರಿ?"

"ಶ್!" ಅಂದರು ತಾತ ತಲೆ ಎತ್ತದೆ. "ಇದೊಂದು ಆದ್ರೆ ಬಾಗಿಲು ತೆಗಿತಾಳಂತೆ."