ನಾಲ್ಕು ಚಮಚ ಉಪ್ಪು ಹತ್ತು ಚಮಚವನ್ನು ಮೀರಿಸಿದ ಬಗ್ಗೆ

ಕುಂಡಯಿ, 4 ಮೇ 1992

ಮಾನ್ಯರೇ,

ನಮ್ಮ ಡಬ್ಬಿ ಕಾರ್ಖಾನೆಯ ಕ್ರೀಡಾ ಸಮಿತಿಯ ಕಾರ್ಯದರ್ಶಿಗಳೂ ಉಪ್ಪು-ನಿಂಬೆಹಣ್ಣುಗಳ ಏಕೈಕ ಪಾಲಕರೂ ಆದ ಶ್ರೀ ದೇವಲಪ್ಪನವರಿಗೆ, ಹಗ್ಗಜಗ್ಗಾಟದ ತಂಡದಲ್ಲಿ ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವ ಮಲಕಪ್ಪನು ಇನ್ನೂ ಒಣಗಿರುವ ನಾಲಿಗೆಯಿಂದ ಮಾಡುವ ನಮಸ್ಕಾರಗಳು.

ಮೇ ಒಂದರ ಫೈನಲ್ ಪಂದ್ಯಕ್ಕೆಂದು ಕ್ಯಾಂಟೀನಿನ ಶಿವವ್ವಕ್ಕ ಇಪ್ಪತ್ತು ಲೀಟರ್ ನೀರಿಗೆ ಹತ್ತು ಚಮಚ ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿ ಒಂದು ಹಂಡೆ ಶಕ್ತಿಪಾನಕ ಮಾಡಿದ್ದರು. ತಾವು ಎರಡು ಲೀಟರಿನ ಜಗ್ಗಿನಲ್ಲಿ ನಾಲ್ಕು ಚಮಚ ಉಪ್ಪು ಕದಡಿ ತಂದಿದ್ದಿರಿ. ಹಂಡೆಯದ್ದೇ ಹೆಚ್ಚು ಉಪ್ಪೆಂದು ತಾವು ತೀರ್ಪು ಕೊಟ್ಟಾಗ ಶಿವವ್ವಕ್ಕ, "ಬರೇ ಚಮಚ ಎಣಸಬ್ಯಾಡ್ರಿ, ನೀರೂ ನೋಡ್ರಿ. ನಂದು ಎರಡು ಲೀಟರಿಗೆ ಒಂದು ಚಮಚ, ನಿಮ್ದು ಒಂದು ಲೀಟರಿಗೇ ಎರಡು. ನಾಕು ಪಟ್ಟು ಉಪ್ಪಾತು!" ಎಂದರು. ಅದಕ್ಕೆ ತಾವು, "ಹತ್ತು ದೊಡ್ಡದೋ ನಾಕು ದೊಡ್ಡದೋ, ನನಗ ಕಲಿಸಾಕ ಬರಬ್ಯಾಡವ್ವಾ" ಎಂದು ಎಲ್ಲರೆದುರು ಅವರನ್ನು ಗದರಿಸಿ, ಹಂಡೆಯನ್ನು ಮೈದಾನದ ಆಚೆ ಇಡಿಸಿದಿರಿ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ತಾವು ಬೆವರೆಂದು ತಿಳಿದದ್ದು ತಮ್ಮ ದೊಡ್ಡತನ.

ನಾವು ಎಂಟು ಮಂದಿ ತಮ್ಮ ಜಗ್ಗಿನಿಂದ ತಲಾ ಒಂದು ಲೋಟ ಕುಡಿದು ಹಗ್ಗ ಹಿಡಿದೆವು. ಇನ್ನೊಂದು ಗೇಣು ಎಳೆದಿದ್ದರೆ ಕಪ್ ನಮ್ಮದಾಗುತ್ತಿತ್ತು. ಅಷ್ಟರಲ್ಲಿ ನಾಯಕ ಮಾನಪ್ಪ, "ಸತ್ತೆನೋ, ನೀರು!" ಎಂದು ಕೂಗಿ ನಲ್ಲಿಯ ಕಡೆ ಓಡಿದ, ಉಳಿದ ಆರು ಮಂದಿಯೂ ಹಿಂದೆಯೇ ಓಡಿದರು. ಸೊಂಟದ ಗಂಟು ಬಿಚ್ಚಲಾಗದೆ ನಾನೊಬ್ಬನೇ ಮೈದಾನದುದ್ದಕ್ಕೂ ಎಳೆಸಿಕೊಂಡು ಎದುರಾಳಿಗಳಾದ ಬಣ್ಣದ ಕಾರ್ಖಾನೆಯವರ ಕಾಲಬುಡಕ್ಕೆ ತಲುಪಿದೆ. ಆಚೆ ಇಟ್ಟ ಹಂಡೆಯ ಪಾನಕವನ್ನು ಅವರು ಪಂದ್ಯಕ್ಕೆ ಮೊದಲೇ ಹೊಟ್ಟೆತುಂಬ ಕುಡಿದಿದ್ದರಂತೆ. ನನಗೂ ಒಂದು ಲೋಟ ಕೊಟ್ಟರು. ನಾಲ್ಕು ಪಟ್ಟೆಂದರೇನೆಂಬುದು ಆಗ ನನ್ನ ನಾಲಿಗೆಗೆ ತಿಳಿಯಿತು.

ಆದ್ದರಿಂದ, ನಾಲ್ಕು ಹತ್ತಕ್ಕಿಂತ ದೊಡ್ಡದೆಂದು ತಾವು ಆದೇಶ ಹೊರಡಿಸಬೇಕು. ಅದಾಗದಿದ್ದರೆ ತಮ್ಮ ಎರಡು ಲೀಟರಿನ ಜಗ್ಗಿಗೆ ಬುದ್ಧಿ ಹೇಳಿ ಎಂಟು ಲೀಟರ್ ನೀರು ಹಿಡಿಯುವಂತೆ ಮಾಡಬೇಕು. ಅದೂ ಆಗದಿದ್ದರೆ ಶಿವವ್ವಕ್ಕನ ಕ್ಷಮೆ ಕೇಳಬೇಕು; ಮೂರರಲ್ಲಿ ಇದೇ ಅತ್ಯಂತ ಅಸಾಧ್ಯವೆಂದು ಬಲ್ಲೆ.

ಮೊಣಕೈಗೂ ಮೊಣಕಾಲಿಗೂ ಪಟ್ಟಿ ಕಟ್ಟಿಕೊಂಡು ಬರೆದ,
ತಮ್ಮ ವಿಶ್ವಾಸಿ,
ಮಲಕಪ್ಪ

ತಾ.ಕ.: ಬಣ್ಣದ ಕಾರ್ಖಾನೆಯವರು ಮುಂದಿನ ವರ್ಷದ ಪಾನಕಕ್ಕೆ ಶಿವವ್ವಕ್ಕನನ್ನು ಈಗಲೇ ಒಪ್ಪಿಸಿದ್ದಾರೆ. ತಮ್ಮನ್ನು ಮಾತ್ರ ಯಾವ ಕಾರಣಕ್ಕೂ ಬಿಡದೆ ನಮ್ಮಲ್ಲೇ ಇಟ್ಟುಕೊಳ್ಳಬೇಕೆಂದು ಕೈಮುಗಿದು ಕೇಳಿಕೊಂಡಿದ್ದಾರೆ.