ಕುಸುಬಿ ಎಣ್ಣೆ ಕುಡಿದ ಜಂಪ್ ಸ್ಟಿಕ್ಕು

ನಮ್ಮ ಮನೆತನದಲ್ಲಿ ಪದವಿ ಪಡೆದ ಪ್ರಥಮ ವ್ಯಕ್ತಿ ನಾನಾದ್ದರಿಂದ, ಯಾವುದನ್ನೇ ಆರಿಸಿ ತರುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬರುತ್ತದೆ. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಮುದ್ದೇಬಿಹಾಳದ ನಮ್ಮ ಪೂಲ್ ತಂಡದ ನಾಯಕ ರಜಾಕನೂ ಅದನ್ನೇ ನಂಬಿದ.

"ಸರ, ರವಿವಾರ ಸಿಂದಗಿಯೊಳಗ ಇಂಡಿ ಊರವರ ಜೋಡಿ ಆಟ ಐತಿ. ಒಂದು ಜಂಪ್ ಸ್ಟಿಕ್, ಒಂದು ಮಸೇ ಸ್ಟಿಕ್ ಬೇಕು. ನೀವು ಓದಿದವ್ರು, ಆರಿಸ್ಕೊಂಡ್ ಬರ್ರಿ. ಚಲೋ ತಂದ್ರ ಮುಂದಿನ ಆಟಕ್ಕ ನಿಮ್ಮನ್ನೂ ಇಳಸ್ತೇನಿ."

ಬಹುಕಾಲದಿಂದ ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಿದ್ದ ನನಗೆ ಇಷ್ಟೇ ಸಾಕಾಗಿತ್ತು. ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸುವುದು ಜಂಪ್. ಅಡ್ಡ ನಿಂತದ್ದನ್ನು ಪಕ್ಕದಿಂದ ಬಳಸಿ ಬಿಳಿ ಚೆಂಡು ಬಾಗಿ ಹೋಗುವಂತೆ ಹೊಡೆಯುವುದು ಮಸೇ. ಮೊದಲನೆಯದಕ್ಕೆ ಗಿಡ್ಡ, ಹಗುರ, ಗಟ್ಟಿ ತುದಿಯ ಕೋಲು. ಎರಡನೆಯದಕ್ಕೆ ಭಾರದ, ತೊಗಲಿನ ತುದಿಯ ಕೋಲು. ಇಷ್ಟನ್ನು ಪರೀಕ್ಷೆಗೆಂಬಂತೆ ಬಾಯಿಪಾಠ ಮಾಡಿ ವಿಜಯಪುರದ ಅಂಗಡಿಗೆ ಹೋದೆ. ಒಂದು ಕಣ್ಣು ಮುಚ್ಚಿ ಪ್ರತಿ ಕೋಲಿನ ನೇರವನ್ನೂ ಪರಿಶೀಲಿಸಿದೆ.

"ಭಾಳ ವರ್ಷದಿಂದ ಆಡ್ತೀರೇನ್ರಿ?" ಎಂದರು ಅಂಗಡಿಯವರು.

"ಇಲ್ಲ. ಅಧ್ಯಯನ ಮಾಡಿದ್ದೇನೆ."

ಇಲ್ಲಿಗೆ ನಿಲ್ಲಿಸಿದ್ದರೆ ಇಂದು ನಾನು ಗೌರವಾನ್ವಿತ ವ್ಯಕ್ತಿ. ಆದರೆ ನಮ್ಮ ಮನೆಗೆ ಹೊಸ ಕಟ್ಟಿಗೆ ಬಂದರೆ, ಅದು ಕೊಡಲಿಯ ಕಾವಿರಲಿ, ಎತ್ತು ಹೊಡೆಯುವ ಕೋಲಿರಲಿ, ಬಿಸಿಲಿಗೆ ಸೀಳು ಬಿಡದಂತೆ ಕುಸುಬಿ ಎಣ್ಣೆ ಕುಡಿಸುವ ಪದ್ಧತಿಯಿದೆ. ನಾನು ಎರಡೂ ಸ್ಟಿಕ್ಕುಗಳನ್ನು ತಲೆಕೆಳಗಾಗಿ ಎಣ್ಣೆಯ ಚರಿಗೆಯಲ್ಲಿ ನಿಲ್ಲಿಸಿದೆ.

"ಏನ್ರಿ, ಒಂದರ ತುದೀಗಿ ತೊಗಲ ಐತಿ. ಅದನ್ಯಾಕ ಎಣ್ಣ್ಯಾಗ ಅದ್ದಾಕತ್ತೀರಿ?" ಎಂದಳು ಹೆಂಡತಿ ಸುವರ್ಣಾ.

"ತೊಗಲಿಗೂ ಎಣ್ಣೆಯೇ ಪೋಷಣೆ. ಅಪ್ಪನ ಚಪ್ಪಲಿಯನ್ನು ನೋಡಿಲ್ಲವೇ?"

"ಮಾವ ಚಪ್ಪಲಿಲೇ ಪೂಲ್ ಆಡೂದಿಲ್ಲಲ್ರಿ."

ನಾನು ಚರಿಗೆಗೆ ಇನ್ನಷ್ಟು ಎಣ್ಣೆ ಸುರಿದೆ.

ಸಿಂದಗಿಯಲ್ಲಿ, ಕುಳಿಗೆ ಬಿದ್ದರೆ ನಮ್ಮನ್ನು ಗೆಲ್ಲಿಸುವ ಕೊನೆಯ ಕಪ್ಪು ಚೆಂಡಿಗೆ ಇಂಡಿಯವರ ಒಂದು ಚೆಂಡು ಅಡ್ಡ ನಿಂತಿತು. ರಜಾಕ್ ಗಂಭೀರವಾಗಿ ಜಂಪ್ ಸ್ಟಿಕ್ ಎತ್ತಿ, ಜಾರದಂತೆ ತುದಿಗೆ ನೀಲಿ ಚಾಕ್ ಉಜ್ಜಿದ. ಚಾಕ್ ಹತ್ತಲಿಲ್ಲ, ನೀಲಿ ಚಟ್ನಿಯಾಯಿತು. ಹೊಡೆದಾಗ ತುದಿ ಜಾರಿತು. ಬಿಳಿ ಚೆಂಡು ಹಾರುವ ಬದಲು ಸಂಕೋಚದಿಂದ ಒಂದು ಗೇಣು ಸರಿದು ನಿಂತಿತು.

ಮತ್ತೆ ಸರದಿ ಬಂದಾಗ ಅವನು ಮಸೇ ಸ್ಟಿಕ್ ಹಿಡಿದ. ಅದು ಚೆಂಡಿನಿಂದ ಜಾರಿ, ಹಸಿರು ಬಟ್ಟೆಯ ಮೇಲೆ ದುಂಡನೆಯ ಜಿಡ್ಡಿನ ಕಲೆ ಬಿಟ್ಟಿತು. ಇಂಡಿ ತಂಡದ ನಾಯಕ ಬಗ್ಗಿ ಮೂಸಿ ನೋಡಿದ.

"ರಜಾಕಭಾಯಿ, ಆಟಕ್ಕ ಬಂದೀರೋ, ಮಿರ್ಚಿ ಕರಿಯಾಕ ಬಂದೀರೋ?"

ಇಂಡಿಯ ನಾಯಕ ತಮ್ಮ ಉಳಿದ ಚೆಂಡನ್ನೂ ಕಪ್ಪು ಚೆಂಡನ್ನೂ ಕುಳಿಗೆ ಹಾಕಿ ಆಟ ಗೆದ್ದ.

ಮರಳುವ ಬಸ್ಸು ಬಸವನ ಬಾಗೇವಾಡಿ ತಲುಪಿದಾಗ ರಜಾಕ್ ಸ್ಟಿಕ್ಕಿನ ಜಿಡ್ಡಿನ ತುದಿಯನ್ನು ತಾನೂ ಮೂಸಿ ನೋಡಿದ. ಅನಂತರ ನಗತೊಡಗಿದ.

"ಸ್ಟಿಕ್ ಆರಿಸಿದ್ದು ಖರೇನ ಚಲೋ ಇತ್ತು, ಸರ. ಇಷ್ಟು ಜೀವ ಹಚ್ಚಿ ನೋಡ್ಕೊಳ್ಳಾವ್ರು ನಮ್ಮೊಳಗ ಯಾರೂ ಇಲ್ಲ. ಮುಂದಿನ ಆಟಕ್ಕ ಇಳೀರಿ. ಆದ್ರ ಒಣಾ ಸ್ಟಿಕ್ ಹಿಡ್ಕೊಂಡು."

ಎಣ್ಣೆ ಕುಡಿದ ಎರಡನ್ನೂ ನನಗೇ ಕೊಟ್ಟ. ಮನೆಯಲ್ಲಿ ಅಪ್ಪ ಮಸೇ ಸ್ಟಿಕ್ಕನ್ನು ಕೈಯಲ್ಲಿ ತೂಗಿ, ಒಂದು ಕಣ್ಣು ಮುಚ್ಚಿ ನೇರ ನೋಡಿದರು.

"ಕೋಲು ಭಾರಿ ಆರಿಸೀದಿ ತಮ್ಮಾ. ನಿನ್ನ ಓದಿಸಿದ್ದು ಸಾರ್ಥಕಾತು."

ಅಷ್ಟು ಹೇಳಿ, ಕೋಲಿನೊಂದಿಗೆ ಎತ್ತುಗಳ ಕಡೆಗೆ ನಡೆದರು.