ಕಂಬದ ಮರೆಯ ಪಿಕಪ್ಪು

“ಕಾಣ್ಲಿಲ್ಲ ಕಣಮ್ಮ, ಕಂಬ ಅಡ್ಡ ಬಂತು.”

ಮರಳೂರಿನ ಹನುಮಂತರಾಜು ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದ ಈ ಮಾತು ಕೊನೆಗೆ ಅವನ ಪಿಕಪ್ಪಿಗೇ ಅಡ್ಡ ಬಂತು.

ಪಿಕಪ್ಪು ಅವನ ಅಪ್ಪನಿಗಿಂತ ಎರಡೇ ವರ್ಷ ಚಿಕ್ಕದು. ಮುಂದಿನ ಗಾಜಿಗೆ ನಡುವೆ ಪಟ್ಟಿ ಹೊಡೆದು ಎರಡು ಹೋಳು. ಗಾಜಿನ ಎರಡೂ ಮೂಲೆಗೆ ಚಾವಣಿ ಹೊತ್ತ ತೊಡೆಗಾತ್ರದ ಕಂಬ. ಹಿಂದಿನ ಕಿಟಕಿ ಒಬ್ಬಟ್ಟಿನಗಲ. ಬೂಸಾ ತುಂಬಿಕೊಂಡು ಕುಣಿಗಲ್ಲಿಗೋ ಗುಬ್ಬಿಗೋ ಹೊರಟಾಗ ಬಿಟ್ಟಿ ಸವಾರಿಗೆ ಯಾರು ಕೈ ಬೀಸಿದರೂ ನಿಲ್ಲಿಸದೆ ಹೋಗುವುದು, ಆಮೇಲೆ ತಪ್ಪನ್ನೆಲ್ಲ ಕಂಬಕ್ಕೆ ಹೊರಿಸುವುದು ಅವನ ಪದ್ಧತಿ.

ಅವತ್ತು ಆರ್‌ಟಿಓ ಆಫೀಸಿನಲ್ಲಿ ಎಫ್‌ಸಿ, ಗಾಡಿ ಓಡಲು ಯೋಗ್ಯವೋ ಅಲ್ಲವೋ ಎಂಬ ಪರೀಕ್ಷೆ. ಫೇಲಾದರೆ ಗಾಡಿ ಗುಜರಿಗೆ. ಹಾರೈಸಲು ಆಟೋದಲ್ಲಿ ಬಂದ ಎದುರುಮನೆ ಹೊಂಬಾಳಮ್ಮ, ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ಕೈ ಮುಗಿದೇಬಿಟ್ಟಳು.

“ಸ್ವಾಮಿ, ಹುಡ್ಗ ಚಿನ್ನ. ಗಾಡೀಗೇ ಕಣ್ಣಿಲ್ಲ. ಹತ್ತಡಿ ದೂರದಾಗೆ ನಾನು ನಿಂತ್ರೂ ಕಾಣಕಿಲ್ಲ, ಪಾಪ!”

“ಹೌದು ಸಾರ್,” ಎಂದರು ಜೊತೆಗೆ ಬಂದಿದ್ದ ನಿವೃತ್ತ ಮೇಷ್ಟ್ರು ಕದರಯ್ಯ. “ನನ್ನ ಛತ್ರೀನೂ ಕಾಣಲ್ಲ.”

ಇನ್ಸ್‌ಪೆಕ್ಟರು ಕೆಮ್ಮಿ ಪೆನ್ನು ತೆಗೆದರು. “ಡ್ರೈವರ್‌ಗೆ ರಸ್ತೆ ಕಾಣಲ್ಲ ಅಂತ ಬರೀಲಾ?”

ಹನುಮಂತರಾಜು ನೆಗೆದು ಸೀಟಿನಲ್ಲಿ ಕೂತ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿದ.

“ಬರೀರಿ ನೋಡಾಣ! ಕತ್ತು ಇರೋದ್ಯಾಕೆ ಸಾರ್? ಮುಂದಕ್ಕೆ ಬಗ್ಗಿದ್ರೆ ಕಂಬ ಹಿಂದಕ್ಕೆ ಹೋಯ್ತದೆ. ಕಾಣಲ್ವಾ? ಸೋಮವಾರ ಈಯಮ್ಮ ಎರಡು ಚೀಲ ಹುಣಸೆಹಣ್ಣು ಇಟ್ಕಂಡು, ‘ನಿಂತ್ಕಳ್ಲಾ ಹನ್ಮಂತ್ರಾಜಾ’ ಅಂತ ಕೂಗ್ತು.” ಅವನ ಬಾಯಲ್ಲಿ ಹೊಂಬಾಳಮ್ಮನ ದನಿ ಹಾಗೇ ಬಂತು. “ಮಂಗಳವಾರ ಮೇಷ್ಟ್ರು ಛತ್ರಿ ಬೀಸಿದ್ರು, ಮೂರು ಕಡ್ಡಿ ಮುರಿದಿತ್ತು!”

ಮೇಷ್ಟ್ರು ಛತ್ರಿ ನೋಡಿಕೊಂಡರು. ಮೂರೇ.

ಹನುಮಂತರಾಜುವಿಗೆ ಈಗ ಬ್ರೇಕೇ ಇರಲಿಲ್ಲ. “ಇಷ್ಟೇ ಅಲ್ಲ ಸಾರ್! ಗುಬ್ಬಿ ಗೇಟ್ ಹತ್ರ ದಿನಾ ಎಂಟೂಮುಕ್ಕಾಲಿಗೆ ಒಬ್ಬ ನಿಂತಿರ್ತಾನೆ. ಮಂಕಿ ಕ್ಯಾಪು, ಕೈಯಲ್ಲಿ ಟಿಫನ್ ಕ್ಯಾರಿಯರ್ರು. ‘ಖೊಕ್ ಖೊಕ್, ರೀ ಸ್ವಲ್ಪ ನಿಲ್ಸ್ರೀ, ಖೊಕ್’ ಅಂತಾನೆ. ಕ್ಯಾರಿಯರ್‌ದು ಮೇಲಿನ ಮುಚ್ಚಳ ಸೊಟ್ಟ. ಅದೂ ಕಾಣ್ತದೆ!”

ಇನ್ಸ್‌ಪೆಕ್ಟರು ನಗಲಿಲ್ಲ. ಪಾಸು ಎಂದು ಬರೆದು ಸಹಿ ಹಾಕಿದರು. ಆಮೇಲೆ ಜೇಬಿನಿಂದ ಮಂಕಿ ಕ್ಯಾಪು ತೆಗೆದು ನಿಧಾನವಾಗಿ ತಲೆಗೇರಿಸಿಕೊಂಡರು.

“ನಾಳೆ ಎಂಟೂಮುಕ್ಕಾಲು. ಖೊಕ್. ನಿಂಗೆ ಹೆಂಗೂ ಕಾಣ್ತದಲ್ಲಪ್ಪಾ.”

ಹನುಮಂತರಾಜು ಎಡಕ್ಕೆ ತಿರುಗುವಷ್ಟರಲ್ಲಿ ಹೊಂಬಾಳಮ್ಮ ಸೀಟಿನ ಮೇಲಿದ್ದಳು, ಅವಳ ಪಕ್ಕ ಮೇಷ್ಟ್ರು, ಮೇಷ್ಟ್ರ ಮುಂದೆ ಬಿಚ್ಚಿದ ಛತ್ರಿ.

“ಹನ್ನೊಂದು ವರ್ಷದ್ದು ಬಾಕಿ ಅದೆ,” ಎಂದಳು ಹೊಂಬಾಳಮ್ಮ. “ಹೊರಡು ಕಣ್ಲಾ.”

ಛತ್ರಿಯ ಮರೆಗೆ ಎಡಗಡೆಯ ಗಾಜು ಪೂರ್ತಿ ಮಾಯವಾಗಿತ್ತು.

“ಸಾರ್, ದೇವ್ರಾಣೆ, ಈಗ ಏನೂ ಕಾಣ್ತಿಲ್ಲ!” ಎಂದು ಹನುಮಂತರಾಜು ಕಿರುಚಿದ.

ಯಾರೂ ನಂಬಲಿಲ್ಲ.